ತೊಂಬತ್ತೆಂಟರಲ್ಲಿ ಪುಷ್ಯಾ, ಎಕ್ಸ್‌ಪಿಯಲ್ಲಿ ಆಶ್ಲೇಷಾ

ಎರಡು ಸಾವಿರದ ನಾಲ್ಕನೇ ಇಸವಿಯ ಯುಗಾದಿಯ ಬೆಳಿಗ್ಗೆ, ಹೊಳೆನರಸೀಪುರದ ದೇವಸ್ಥಾನದ ಹಿಂದಿನ ಬೀದಿಯ ಮನೆಯೊಂದರಲ್ಲಿ, ಬೇವು-ಬೆಲ್ಲ ಬಾಯಿಗೆ ಬೀಳುವ ಮೊದಲೇ ಒಂದು ಘೋಷಣೆ ಹೊರಬಿತ್ತು.

"ಇವತ್ತಿನಿಂದ ಈ ಮನೇಲಿ ಹಳೇದು ಅನ್ನೋದು ಒಂದೂ ಇರಕೂಡದು!"

ಘೋಷಿಸಿದವರು ಹೈಸ್ಕೂಲಿನ ಲೆಕ್ಕದ ಮೇಷ್ಟ್ರು ಮುರಳೀಕೃಷ್ಣ. ಕೇಳಿಸಿಕೊಂಡವರು ಅವರ ಹೆಂಡತಿ ಶ್ರೀಗೌರಿ.

"ಹಾಗಾದ್ರೆ ನಾವಿಬ್ರೂ ಎಲ್ಲಿಗೆ ಹೋಗೋಣಾಂತ?"

ಮಹಾಪುರುಷರು ಇಂಥ ಚಿಲ್ಲರೆ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುವುದಿಲ್ಲ. ಮೇಷ್ಟ್ರು ಗಂಭೀರವಾಗಿ ಕೈ ಎತ್ತಿ ವಾಚು ನೋಡಿಕೊಂಡರು.

ಈ ವಾಚಿನ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಮದುವೆಯಲ್ಲಿ ಮಾವ ಕಟ್ಟಿದ ವಾಚು ಅದು. ಕಟ್ಟಿಕೊಂಡ ದಿನದಿಂದ ಮೇಷ್ಟ್ರು ಅದನ್ನು ಹತ್ತು ನಿಮಿಷ ಮುಂದಕ್ಕೆ ತಿರುಗಿಸಿಟ್ಟಿದ್ದರು. "ಹತ್ತು ನಿಮಿಷ ಮುಂದಿರೋನು ಜೀವನದಲ್ಲಿ ಹಿಂದೆ ಬೀಳಲ್ಲ" ಎನ್ನುವುದು ಅವರ ಸಿದ್ಧಾಂತ. ಅವರು ಬಸ್‌ಸ್ಟ್ಯಾಂಡಿಗೆ ಹೋದರೆ ಬಸ್ಸು ಇನ್ನೂ ಬಂದಿರುತ್ತಿರಲಿಲ್ಲ. ಮದುವೆಗೆ ಹೋದರೆ ವಾಲಗದವರು ಇನ್ನೂ ಕಾಫಿ ಕುಡಿಯುತ್ತಿರುತ್ತಿದ್ದರು. ಊರಿನ ಗಡಿಯಾರಗಳೆಲ್ಲ ಸೇರಿ ಬೇರೆ ಸಮಯ ತೋರಿಸಿದರೆ, ಮೇಷ್ಟ್ರ ಪ್ರಕಾರ ಊರಿನ ಗಡಿಯಾರಗಳೆಲ್ಲ ತಪ್ಪು. ವರ್ಷಗಳು ಕಳೆದಂತೆ, ವಾಚನ್ನು ತಿರುಗಿಸಿಟ್ಟವರು ತಾವೇ ಎನ್ನುವುದನ್ನೂ ಅವರು ಮರೆತುಬಿಟ್ಟಿದ್ದರು.

ಇರಲಿ. ಆ ಯುಗಾದಿಯಂದು ಅವರ ಕಣ್ಣು ಬಿದ್ದದ್ದು ನಡುಮನೆಯ ಮೂಲೆಯಲ್ಲಿದ್ದ ಕಂಪ್ಯೂಟರಿನ ಮೇಲೆ. ಐದು ವರ್ಷದ ಹಿಂದೆ ತಂದದ್ದು. ವಿಂಡೋಸ್ ತೊಂಬತ್ತೆಂಟು. ಬೆಳಿಗ್ಗೆ ಗುಂಡಿ ಒತ್ತಿ, ಸ್ನಾನ ಮುಗಿಸಿ, ಸಂಧ್ಯಾವಂದನೆ ಮುಗಿಸಿ ಬಂದರೆ ಅದೂ ಆಗತಾನೆ ಎದ್ದು ಕೂತಿರುತ್ತಿತ್ತು. ಅದರಲ್ಲಿ ಹಾಸನದ ಜೋಯಿಸರೊಬ್ಬರು ಕೂತು ಬರೆದಿದ್ದ ಜಾತಕದ ಪ್ರೋಗ್ರಾಂ ಇತ್ತು. ಕಪ್ಪು ಪರದೆ, ಬಿಳೀ ಅಕ್ಷರ. ಹುಟ್ಟಿದ ದಿನ, ಊರು, ಹೊತ್ತು ಕೊಟ್ಟರೆ ಅದು ಸ್ವಲ್ಪ ಯೋಚಿಸಿ, ಪಕ್ಕದ ಪ್ರಿಂಟರಿಗೆ ಅಪ್ಪಣೆ ಕೊಡುತ್ತಿತ್ತು. ಆಮೇಲೆ ಕರ್ರ್, ಕರ್ರ್ ಎಂದು ಬೀದಿಗೆಲ್ಲ ಕೇಳಿಸುವ ಹಾಗೆ ಸದ್ದು ಮಾಡುತ್ತ, ಅಂಚಿನಲ್ಲಿ ತೂತುಗಳಿದ್ದ ಉದ್ದನೆಯ ಕಾಗದ ಹೊರಗೆ ಬರುತ್ತಿತ್ತು. ಆ ಸದ್ದು ಕೇಳಿಯೇ ಜನರಿಗೆ ನಂಬಿಕೆ. ಅಷ್ಟು ಕಷ್ಟಪಟ್ಟು ಅರಚಿಕೊಂಡು ಹೇಳುವ ಯಂತ್ರ ಸುಳ್ಳು ಹೇಳುತ್ತದೆಯೇ?

ಮೇಷ್ಟ್ರ ಒಬ್ಬಳೇ ಮಗಳು ಇಂಚರಳ ಜಾತಕವನ್ನೂ ಅದೇ ಅರಚಿತ್ತು. ಇಂಚರ ಅರಕಲಗೂಡಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಉಪನ್ಯಾಸಕಿ. ಅಲ್ಲೇ ಚರಿತ್ರೆ ಪಾಠ ಹೇಳುತ್ತಿದ್ದ ಚನ್ನರಾಯಪಟ್ಟಣದ ಹುಡುಗ ವಸಿಷ್ಠ. ಇಬ್ಬರಿಗೂ ಮನಸ್ಸಿತ್ತು. ಆದರೆ ಇಬ್ಬರೂ ಮರ್ಯಾದಸ್ಥರ ಮಕ್ಕಳಾದ್ದರಿಂದ ಅದನ್ನು ಬಾಯಿಬಿಟ್ಟು ಹೇಳದೆ, ನಂಟರೊಬ್ಬರ ಮೂಲಕ "ಒಂದು ಒಳ್ಳೇ ಸಂಬಂಧ ಇದೆ ನೋಡಿ" ಎಂದು ಎರಡೂ ಮನೆಗೆ ಹೇಳಿಸಿದ್ದರು. ಈ ನಾಟಕ ಶ್ರೀಗೌರಿಗೆ ಗೊತ್ತಿತ್ತು. ಮೇಷ್ಟ್ರಿಗೆ ಗೊತ್ತಿರಲಿಲ್ಲ. ಸಂಬಂಧ ಹುಡುಕಿದವರು ತಾವೇ ಎಂದು ಅವರು ನಂಬಿದ್ದರು.

ಅಡ್ಡಿ ಒಂದೇ ಇತ್ತು. ವಸಿಷ್ಠನ ತಾಯಿ ಗಂಗಾಂಬಿಕೆಯವರು. ಗಂಡನಿಲ್ಲದೆ ಮಗನನ್ನು ಬೆಳೆಸಿದ ಗಟ್ಟಿ ಹೆಂಗಸು. ಜಾತಕದಲ್ಲಿ ಮಾತ್ರ ರವೆಯಷ್ಟೂ ಬಿಟ್ಟುಕೊಡುತ್ತಿರಲಿಲ್ಲ. "ಜಾತಕ ಕೂಡದೆ ನಮ್ಮನೇಗೆ ಕೆಲಸದೋಳನ್ನೂ ಇಟ್ಕೊಳ್ಳಲ್ಲ" ಎನ್ನುವವರು. ಪುಣ್ಯಕ್ಕೆ ತೊಂಬತ್ತೆಂಟು ಕೈಬಿಡಲಿಲ್ಲ. ಕರ್ಕಾಟಕ ರಾಶಿ, ಪುಷ್ಯಾ ನಕ್ಷತ್ರ, ನಾಲ್ಕನೇ ಪಾದ ಎಂದು ಅದು ಗಂಗಾಂಬಿಕೆಯವರ ಎದುರಿಗೇ ಅರಚಿದ್ದೇ ತಡ, ಗುಣಗಳೆಲ್ಲ ಕೂಡಿ, ವೈಶಾಖದಲ್ಲಿ ಲಗ್ನಪತ್ರಿಕೆ ಎಂದು ನಿಶ್ಚಯವಾಗಿಹೋಯಿತು. ಜಡೆ ಹೆಣೆದುಕೊಳ್ಳುವಾಗ ಇಂಚರ ಏನೋ ಗುನುಗತೊಡಗಿದ್ದಳು. ಆ ಮನೆಯಲ್ಲಿ ಅಂಥ ಸದ್ದು ಕೇಳಿ ಬಹಳ ದಿನವಾಗಿತ್ತು.

ಎಲ್ಲವೂ ಸರಿಯಾಗಿರುವಾಗ ಸುಮ್ಮನಿರಬೇಕು. ಸುಮ್ಮನಿದ್ದರೆ ಅವರು ಮುರಳೀಕೃಷ್ಣ ಮೇಷ್ಟ್ರು ಹೇಗಾಗುತ್ತಾರೆ?

ಹಾಸನದಿಂದ ಕಂಪ್ಯೂಟರ್ ವ್ಯಾಪಾರಿ ಪುಟ್ಟಸ್ವಾಮಿ ಬಂದ. ಬಾಗಿಲಲ್ಲೇ ನಿಂತು ಮೂಲೆಯ ಯಂತ್ರ ನೋಡಿ, ಸತ್ತವರ ಮನೆಗೆ ಬಂದವನಂತೆ ತಲೆಯಾಡಿಸಿದ.

"ಏನ್ ಸಾ, ಇನ್ನೂ ತೊಂಬತ್ತೆಂಟ್ರಲ್ಲೇ ಕುಂತಿದ್ದೀರಲ್ಲ! ಊರೋರೆಲ್ಲ ಎಕ್ಸ್‌ಪಿಗೆ ಓಗಿ ಯಾವ್ ಕಾಲ ಆಯ್ತು. ಲೆಕ್ಕದ ಮೇಷ್ಟ್ರು ನೀವು, ಮುಂದಿರ್ಬೇಕೋ ಬ್ಯಾಡ್ವೋ?"

ಮುಂದಿರಬೇಕೋ ಬೇಡವೋ! ವಾಚನ್ನೇ ಮುಂದಿಟ್ಟ ಮನುಷ್ಯನಿಗೆ ಕೇಳುವ ಮಾತೇ ಇದು? ಬಾಣ ನೇರವಾಗಿ ಎದೆಗೆ ನಾಟಿತು.

"ಅಪ್ಪಾ, ಅದು ಚೆನ್ನಾಗೇ ಇದೆಯಲ್ಲ," ಎಂದಳು ಇಂಚರ. "ಲಗ್ನಪತ್ರಿಕೆ ಮುಗಿಯೋವರೆಗಾದ್ರೂ ಬಿಡಿ."

"ಲಗ್ನಪತ್ರಿಕೆಗೋಸ್ಕರವೇ ಕಣಮ್ಮಾ ತರ್ತಿರೋದು! ಬೀಗರ ಕೈಗೆ ಆ ತೂತಿನ ಕಾಗದ ಕೊಡೋದಾ? ಬಣ್ಣದ ಜಾತಕ ಕೊಡ್ತೀನಿ, ಬಣ್ಣದ್ದು! ಮೇಲ್ಗಡೆ ಗಣಪತಿ, ಸುತ್ತಲೂ ಬಳ್ಳಿ!"

"ಹೊಸ ವೈದ್ಯನಿಗಿಂತ ಹಳೇ ರೋಗಿ ವಾಸಿ ಅಂತಾರೆ ಕಣ್ರೀ," ಎಂದರು ಶ್ರೀಗೌರಿ.

"ಅದು ರೋಗಿಗಳು ಮಾಡ್ಕೊಂಡಿರೋ ಗಾದೆ!"

ಹೀಗೆ ತೊಂಬತ್ತೆಂಟು ಪ್ರಿಂಟರಿನ ಸಮೇತ ಪುಟ್ಟಸ್ವಾಮಿಯ ವ್ಯಾನ್ ಹತ್ತಿತು. ಅದರ ಜಾಗದಲ್ಲಿ ಬಣ್ಣದ ಪ್ರಿಂಟರಿನ ಸಮೇತ ವಿಂಡೋಸ್ ಎಕ್ಸ್‌ಪಿ ಬಂದು ಕೂತಿತು. ಪರದೆಯ ತುಂಬ ಹಸಿರು ಗುಡ್ಡ, ಮೇಲೆ ನೀಲಿ ಆಕಾಶ. ಮೇಷ್ಟ್ರು ಏನೂ ಮಾಡದೆ ಅದನ್ನೇ ನೋಡುತ್ತ ಬಹಳ ಹೊತ್ತು ಕೂತಿದ್ದರು. ಜೋಯಿಸರ ಪ್ರೋಗ್ರಾಂ ಇದ್ದ ಫ್ಲಾಪಿಯನ್ನು ಅದಕ್ಕೆ ತುರುಕಿದಾಗ, ಕಪ್ಪು ಪೆಟ್ಟಿಗೆಯೊಂದು ಇಣುಕಿ ನೋಡಿ ಹೆದರಿದಂತೆ ಮಾಯವಾಯಿತು. ಮತ್ತೆ ತುರುಕಿದರು. ಮತ್ತೆ ಮಾಯ.

"ಬಿಡಿ ಸಾ, ಆ ಮುದುಕಪ್ಪ ಇದ್ರಲ್ಲಿ ಓಡಾಕಿಲ್ಲ," ಎಂದ ಪುಟ್ಟಸ್ವಾಮಿ, ಹೊಳೆಯುವ ಸಿ.ಡಿ. ಒಂದನ್ನು ತೆಗೆದ. "ಇದ್ರಲ್ಲಿ ವಸಾ ಜಾತಕ ಐತೆ. ಕಲರ್ರು!"

ಮೇಷ್ಟ್ರು ಆ ಫ್ಲಾಪಿಯನ್ನು ಯುಗಾದಿಗೆಂದು ಗುಡ್ಡೆ ಹಾಕಿದ್ದ ಹಳೇ ಸಾಮಾನಿನ ಜೊತೆ ತಮ್ಮ ಕೈಯಾರೆ ಗುಜರಿಯವನಿಗೆ ಹಾಕಿದರು. ಜೋಯಿಸರೂ ಹಿಂದಿನ ವರ್ಷವೇ ಕಾಲವಾಗಿದ್ದರು. ಅಂದರೆ ಆ ಪ್ರೋಗ್ರಾಮಿನ ವಂಶ ಅಲ್ಲಿಗೆ ನಿಂತಂತಾಯಿತು. ಆಗ ಯಾರಿಗೂ ಅದು ಹೊಳೆಯಲಿಲ್ಲ.

ಲಗ್ನಪತ್ರಿಕೆಯ ದಿನ ಬಂತು. ಬೀಗರು ಚನ್ನರಾಯಪಟ್ಟಣದಿಂದ ಬಂದಿಳಿದರು. ಒಳಗೆ ಒಬ್ಬಟ್ಟು, ಆಂಬೊಡೆ. ಬೆಳ್ಳಿ ತಟ್ಟೆಯಲ್ಲಿ, ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದ ಬಣ್ಣದ ಜಾತಕ. ಹಿಂದಿನ ಸಂಜೆ ಅದು ಪ್ರಿಂಟಾಗಿ ಬಂದಾಗ ಮೇಷ್ಟ್ರು ಗಣಪತಿಯ ಬಣ್ಣ ನೋಡಿದ್ದರು, ಬಳ್ಳಿಯ ಸುರುಳಿ ನೋಡಿದ್ದರು, ಕಾಗದದ ನುಣುಪನ್ನು ಬೆರಳಿನಿಂದ ಸವರಿ ನೋಡಿದ್ದರು. ಒಳಗೆ ಏನು ಬರೆದಿದೆ ಎಂದು ಮಾತ್ರ ನೋಡಿರಲಿಲ್ಲ. ಹುಟ್ಟಿದ ದಿನ ಅದೇ, ಊರು ಅದೇ, ಹೊತ್ತು ಅದೇ. ಬೇರೆ ಏನು ಬರಲು ಸಾಧ್ಯ?

ಗಂಗಾಂಬಿಕೆಯವರು ಕನ್ನಡಕ ಏರಿಸಿ ಓದತೊಡಗಿದರು. ಓದುತ್ತ ಓದುತ್ತ ಬಾಯಲ್ಲಿದ್ದ ಆಂಬೊಡೆ ಅಗಿಯುವುದನ್ನು ನಿಲ್ಲಿಸಿದರು.

"ಮೇಷ್ಟ್ರೇ, ಇಲ್ಲಿ ಆಶ್ಲೇಷಾ ಅಂತಿದೆ."

ಆಶ್ಲೇಷಾ ನಕ್ಷತ್ರದ ಸೊಸೆ ಅತ್ತೆಗೆ ಆಗುವುದಿಲ್ಲ ಎನ್ನುವುದು ಆ ಸೀಮೆಯ ಮಕ್ಕಳಿಗೂ ಗೊತ್ತು. ಅಂಥ ಸೊಸೆ ಹೊಸಿಲು ದಾಟಿ ಒಳಗೆ ಬಂದರೆ ಅತ್ತೆ ಹೊರಗೆ ಹೋಗುತ್ತಾಳೆ, ಅದೂ ನಾಲ್ಕು ಜನರ ಹೆಗಲ ಮೇಲೆ! ಅಷ್ಟರಲ್ಲಿ ಗಂಗಾಂಬಿಕೆಯವರಿಗೆ ಆಂಬೊಡೆಯ ಮೆಣಸಿನಕಾಯಿ ನೆತ್ತಿಗೇರಿ ಕೆಮ್ಮು ಬಂತು. ಸಾಧಾರಣ ಕೆಮ್ಮೇ. ಆದರೆ ಆ ಹೊತ್ತಿನಲ್ಲಿ ಅದಕ್ಕೆ ಬೇರೆಯೇ ಅರ್ಥ ಬಂತು.

"ನೀರು! ನೀರು ಕೊಡ್ರೀ ಅಮ್ಮಂಗೆ!"

"ಪಕ್ಕದಲ್ಲಿ ಆ ಹುಡುಗಿ ನಿಂತಿದ್ದಾಳಲ್ಲ, ಸ್ವಲ್ಪ ಆಚೆ ಹೋಗೋಕೆ ಹೇಳಿ!" ಎಂದಿತು ಬೀಗರ ಕಡೆಯ ಒಂದು ದನಿ.

ಆಚೆ ಹೋಗಬೇಕಾದ ಹುಡುಗಿಯೇ ನೀರಿನ ಲೋಟ ಹಿಡಿದು ನಿಂತಿದ್ದಳು. ಅವಳ ಮುಖ ನೋಡಿ ವಸಿಷ್ಠ ಎದ್ದು ನಿಂತ. "ಅಮ್ಮಾ, ಏನೋ ಪ್ರಿಂಟಿಂಗ್ ಮಿಸ್ಟೇಕ್ ಇರಬೇಕು" ಎಂದ.

ಅದೊಂದು ಮಾತನ್ನು ಮೇಷ್ಟ್ರು ಹಿಡಿದುಕೊಂಡಿದ್ದರೆ ಸಾಕಾಗಿತ್ತು. "ಹೌದಪ್ಪಾ, ತಪ್ಪಾಗಿದೆ, ನೋಡಿ ಸರಿಮಾಡ್ತೀನಿ" ಎಂದಿದ್ದರೆ ಆ ದಿನ ಒಬ್ಬಟ್ಟಿನಲ್ಲಿ ಮುಗಿಯುತ್ತಿತ್ತು. ಆದರೆ ಲೆಕ್ಕದ ಮೇಷ್ಟ್ರ ಮನೆಯಲ್ಲಿ ತಪ್ಪೇ? ಹೊಸದಾಗಿ ತಂದ ಯಂತ್ರದಲ್ಲಿ ಮಿಸ್ಟೇಕೇ? ಅವರ ಬಾಯಿ ಅವರನ್ನು ಕೇಳದೆಯೇ ತೆರೆದುಕೊಂಡಿತು.

"ಸಾಧ್ಯವೇ ಇಲ್ಲ! ಇದು ಎಕ್ಸ್‌ಪಿ! ಇದು ತಪ್ಪು ಹೇಳೋ ಪ್ರಶ್ನೆಯೇ ಇಲ್ಲ!"

ಹೇಳಿ ಮುಗಿಸಿದ ಮೇಲೆ ಅವರಿಗೆ ತಾವು ಏನು ಹೇಳಿದೆವೆಂದು ಕೇಳಿಸಿತು. ಶ್ರೀಗೌರಿ ಹಣೆ ಚಚ್ಚಿಕೊಂಡರು.

"ಹಾಗಾದ್ರೆ ಹಳೇ ಕಂಪ್ಯೂಟರ್ ಸುಳ್ಳು ಹೇಳ್ತಾ?" ಗಂಗಾಂಬಿಕೆಯವರು ನೀರು ಕುಡಿದು ಕೇಳಿದರು.

"ಇಲ್ಲ, ಇಲ್ಲ... ಅದೂ ಸುಳ್ಳು ಹೇಳಲ್ಲ..."

"ಎರಡೂ ನಿಜ ಹೇಳಿದ್ರೆ ನಿಮ್ಮ ಮಗಳು ಎರಡು ನಕ್ಷತ್ರದಲ್ಲಿ ಹುಟ್ಟಿದ್ದಾಳಾ?"

ಮೇಷ್ಟ್ರು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದರು. ಗಂಗಾಂಬಿಕೆಯವರು ಎದ್ದರು. ಕೋಪದಿಂದ ಎದ್ದರೆಂದು ಹೇಳಿದರೆ ತಪ್ಪಾಗುತ್ತದೆ, ಅವರು ಭಯದಿಂದ ಎದ್ದದ್ದು. ಹೋಗುವಾಗ ಒಂದು ದಾರಿಯನ್ನೂ ಬಿಟ್ಟು ಹೋದರು.

"ಆ ಹಳೇ ಯಂತ್ರ ನನ್ನ ಕಣ್ಣೆದುರಿಗೆ ಮತ್ತೆ ಪುಷ್ಯಾ ಅಂತ ಬರೆದುಕೊಡ್ಲಿ. ನಾನು ಒಪ್ಕೋತೀನಿ. ಅದರ ಸದ್ದು ಕೇಳಿದ್ರೆ ನಂಗೊಂದು ಧೈರ್ಯ."

ಮರುದಿನವೇ ಮೇಷ್ಟ್ರು ಹಾಸನಕ್ಕೆ ಓಡಿದರು. "ಅಯ್ಯೋ, ಅದನ್ನ ಇರೀಸಾವೆ ಓಟ್ಲು ಚನ್ನಬಸವಯ್ಯಂಗೆ ಕೊಟ್ಬುಟ್ನಲ್ಲ ಸಾ," ಎಂದ ಪುಟ್ಟಸ್ವಾಮಿ. ಹಾಸನದಿಂದ ಚನ್ನರಾಯಪಟ್ಟಣ. ಅಲ್ಲಿ ಬೀಗರ ಕಣ್ಣಿಗೆ ಬೀಳದಂತೆ ಮುಖಕ್ಕೆ ಪೇಪರ್ ಅಡ್ಡ ಹಿಡಿದು ಬಸ್ಸಿನಲ್ಲೇ ಕೂತರು. ಮುಂದೆ ಹಿರೀಸಾವೆ.

ಹೆದ್ದಾರಿಯ ಹೋಟೆಲಿನ ಗಲ್ಲಾದ ಮೇಲೆ, ಊದಿನಕಡ್ಡಿಯ ಹೊಗೆಯ ನಡುವೆ, ಹೂವಿನ ಹಾರ ಹಾಕಿಸಿಕೊಂಡು ಕೂತಿತ್ತು ಅವರ ತೊಂಬತ್ತೆಂಟು! ಮೇಷ್ಟ್ರ ಕಣ್ಣಲ್ಲಿ ನೀರು ಬಂತು.

"ಬನ್ನಿ ಸಾ, ಏನ್ ಕೊಡ್ಲಿ?" ಎಂದರು ಚನ್ನಬಸವಯ್ಯ.

"ಇದು... ಇದು ನಮ್ಮ ಕಂಪ್ಯೂಟರ್. ಇದರೊಳಗೆ ಕಪ್ಪು ಪರದೆಯ ಪ್ರೋಗ್ರಾಂ ಒಂದಿತ್ತು..."

"ಇತ್ತು ಸಾ, ಏನೇನೋ ಕಪ್ಪುಗೆ ಇತ್ತಂತೆ. ಎಲ್ಲಾ ತೊಳ್ದು ಕಿಲೀನ್ ಮಾಡಿಸ್ಬುಟ್ಟೆ. ಓಟ್ಲು ಅಂದ್ಮ್ಯಾಕೆ ಕಿಲೀನಾಗಿರ್ಬೇಕಲ್ವಾ? ಈಗ ಬರೀ ಬಿಲ್ಲು. ಕುಂತ್ಕಳಿ, ಇಡ್ಲಿ ಬಿಸಿ ಅದೆ."

ಮೇಷ್ಟ್ರು ಹತ್ತಿರದ ಬೆಂಚಿನ ಮೇಲೆ ಕೂತರು. ತಟ್ಟೆ ಬಂತು, ತಿಂದರು, ಏನು ತಿಂದೆವೆಂದು ಗೊತ್ತಾಗಲಿಲ್ಲ. ಕೊನೆಗೆ ಗಲ್ಲಾದಿಂದ ಆ ಸದ್ದು ಎದ್ದಿತು. ಕರ್ರ್, ಕರ್ರ್. ಅದೇ ಸದ್ದು. ಇಂಚರಳ ನಕ್ಷತ್ರ ಹೇಳಿದ ಪ್ರಿಂಟರ್ ಅಂಚಿಗೆ ತೂತಿದ್ದ ಅದೇ ಕಾಗದದ ಮೇಲೆ 'ಇಡ್ಲಿ ಎರಡು, ವಡೆ ಒಂದು' ಎಂದು ಬರೆದುಕೊಟ್ಟಿತು. ಅದನ್ನು ಕೈಯಲ್ಲಿ ಹಿಡಿದು ಮೇಷ್ಟ್ರು ಹೋಟೆಲಿನ ಮುಂದೆ ನಿಂತು ಅತ್ತರು. ನೋಡಿದವರು ವಡೆ ಖಾರವಿರಬೇಕು ಎಂದುಕೊಂಡರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಸಂಜೆ ಮನೆಗೆ ಬಂದು ನಡೆದದ್ದನ್ನೆಲ್ಲ ಒಪ್ಪಿಸಿದಾಗ ಶ್ರೀಗೌರಿ ಬೈಯಲಿಲ್ಲ. ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟು, ಒಂದು ಸಣ್ಣ ಪ್ರಶ್ನೆ ಕೇಳಿದರು.

"ಹುಟ್ಟಿದ ಹೊತ್ತು ಅಂತ ಎಷ್ಟು ಹಾಕಿದ್ರಿ?"

"ಬೆಳಿಗ್ಗೆ ಆರು ನಲವತ್ತು. ನಾನೇ ನೋಡಿದ್ದಲ್ವಾ! ಆಸ್ಪತ್ರೆ ಬಾಗಿಲಲ್ಲಿ ನಿಂತಿದ್ದೆ, ಮಗು ಅತ್ತ ಸದ್ದು ಕೇಳಿಸ್ತು, ತಕ್ಷಣ ವಾಚ್ ನೋಡಿದೆ."

"ಯಾವ ವಾಚು?"

"ಇದೇ ವಾಚು! ನಿಮ್ಮಪ್ಪ ಕೊಟ್ಟಿದ್ದು!"

ಶ್ರೀಗೌರಿ ಗೋಡೆಯ ಗಡಿಯಾರದ ಕಡೆ ಕೈ ತೋರಿಸಿದರು. ಮೇಷ್ಟ್ರು ವಾಚು ನೋಡಿಕೊಂಡರು. ಗೋಡೆಯ ಗಡಿಯಾರ ನೋಡಿದರು. ಮತ್ತೆ ವಾಚು ನೋಡಿದರು. ಆಮೇಲೆ ಎದ್ದು ಹೋಗಿ ಎಕ್ಸ್‌ಪಿಯ ಮುಂದೆ ಕೂತು, ಆರು ನಲವತ್ತನ್ನು ಅಳಿಸಿ ಆರೂವರೆ ಎಂದು ಹಾಕಿದರು. ಪರದೆಯ ಮೇಲೆ ಬಣ್ಣದ ಗಣಪತಿಯ ಕೆಳಗೆ ಮೂಡಿತು: ಪುಷ್ಯಾ, ನಾಲ್ಕನೇ ಪಾದ. ಜೋಯಿಸರ ಹಳೇ ಪ್ರೋಗ್ರಾಂ ಬಿಡಿ ನಿಮಿಷಗಳನ್ನು ಕೈಬಿಟ್ಟು ಅರ್ಧ ಗಂಟೆಯ ಲೆಕ್ಕವನ್ನಷ್ಟೇ ಹಿಡಿಯುತ್ತಿದ್ದುದರಿಂದ ಅದಕ್ಕೆ ಈ ವ್ಯತ್ಯಾಸ ತಟ್ಟಿರಲಿಲ್ಲ.

ಮಗಳ ಬಾಳಿಗೆ ಅಡ್ಡ ಬಂದದ್ದು ಎಕ್ಸ್‌ಪಿಯೂ ಅಲ್ಲ, ಆಶ್ಲೇಷೆಯೂ ಅಲ್ಲ. ಇಪ್ಪತ್ತೈದು ವರ್ಷದಿಂದ ತಾವು ಹೆಮ್ಮೆಯಿಂದ ಕಟ್ಟಿಕೊಂಡು ತಿರುಗಿದ ಹತ್ತು ನಿಮಿಷ!

ಮೇಷ್ಟ್ರು ಹೊಸ ಜಾತಕ ಪ್ರಿಂಟು ತೆಗೆದುಕೊಂಡು ಮರುದಿನ ಮೊದಲ ಬಸ್ಸಿಗೇ ಚನ್ನರಾಯಪಟ್ಟಣಕ್ಕೆ ಹೋದರು. ಗಂಗಾಂಬಿಕೆಯವರು ಕಾಫಿ ಕೊಟ್ಟರು, ಕಾಗದ ಓದಿದರು, ವಾಚಿನ ಕಥೆಯನ್ನೂ ಪೂರ್ತಿ ಕೇಳಿದರು.

"ಮೊದಲು ಪುಷ್ಯಾ ಅಂದ್ರಿ. ಆಮೇಲೆ ಆಶ್ಲೇಷಾ, ತಪ್ಪೋ ಪ್ರಶ್ನೆಯೇ ಇಲ್ಲ ಅಂದ್ರಿ. ಈಗ ಮತ್ತೆ ಪುಷ್ಯಾ ಅಂತೀರಿ. ನಾಳೆ ಇನ್ನೊಂದು ಕಂಪ್ಯೂಟರ್ ತಂದ್ರೆ? ನಿಮ್ಮ ಮಾತನ್ನ ನಾನು ಹೇಗೆ ನಂಬ್ಲಿ ಮೇಷ್ಟ್ರೇ?"

ನಕ್ಷತ್ರ ಸರಿಹೋಗಿತ್ತು, ನಂಬಿಕೆ ಕೆಟ್ಟಿತ್ತು. ಅದಕ್ಕೆ ಹಾಕುವ ಸಿ.ಡಿ. ಪುಟ್ಟಸ್ವಾಮಿಯ ಅಂಗಡಿಯಲ್ಲೂ ಸಿಗುವುದಿಲ್ಲ.

ಇಂಚರ ಅಪ್ಪನ ಮೇಲೆ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. "ಊಟಕ್ಕೆ ಬನ್ನಿ", "ಬಸ್ಸಿಗೆ ಹೊತ್ತಾಯ್ತು", ಇಷ್ಟೇ ಮಾತು. ಅರಕಲಗೂಡಿನ ಬಸ್ಸಿಗೆ ಹೋಗುತ್ತಿದ್ದಳು, ಬರುತ್ತಿದ್ದಳು, ಜಡೆ ಹೆಣೆದುಕೊಳ್ಳುತ್ತಿದ್ದಳು. ಗುನುಗುವುದು ನಿಂತುಹೋಗಿತ್ತು. ಮಗಳ ಆ ಗುನುಗು ತಮಗೆ ಎಷ್ಟು ಬೇಕಾಗಿತ್ತು ಎಂಬುದು ಮೇಷ್ಟ್ರಿಗೆ ಆಗ ತಿಳಿಯಿತು. ಬೇರೆ ಗಂಡು ನೋಡೋಣವೇ ಎಂದು ಒಂದು ಸಲ ಕೇಳಿದ್ದಕ್ಕೆ ಅವಳು ಎದ್ದು ಒಳಗೆ ಹೋದಳು. ಅವರು ಯಾರಿಗೂ ಜಾತಕ ಬರೆದುಕೊಡುವುದನ್ನು ಬಿಟ್ಟರು. ಎಕ್ಸ್‌ಪಿಯ ಹಸಿರು ಗುಡ್ಡಕ್ಕೆ ಬಟ್ಟೆ ಮುಚ್ಚಿದರು.

ಒಂದೂವರೆ ವರ್ಷ ಹೀಗೇ ಕಳೆಯಿತು. ವಸಿಷ್ಠ ಬೇರೆ ಯಾರನ್ನೂ ಒಪ್ಪಲಿಲ್ಲ, ಗಂಗಾಂಬಿಕೆಯವರಿಗೆ ಮಗನ ಹಟದ ಮುಂದೆ ಸಾಕುಸಾಕಾಯಿತು. ಕೊನೆಗೆ ಒಂದು ಗುರುವಾರ ಸಂಜೆ ಇಂಚರ ಅಪ್ಪನ ಎದುರು ಬಂದು ನಿಂತಳು.

"ಅಪ್ಪಾ, ನಾಳೆ ಅರಕಲಗೂಡಿನ ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ನಮ್ಮ ಮದುವೆ. ಅವರಮ್ಮನೂ ಬರ್ತಾರೆ. ಹತ್ತೂವರೆಗೆ. ಊರಿನ ಗಡಿಯಾರದಲ್ಲಿ."

ಶುಕ್ರವಾರ, ಹತ್ತೂವರೆ. ಅಪ್ಪಟ ರಾಹುಕಾಲ! ಮೇಷ್ಟ್ರ ನಾಲಗೆ ತುದಿಯವರೆಗೆ ಬಂತು. ನುಂಗಿಕೊಂಡರು. ಒಬ್ಬಳೇ ಮಗಳ ಮದುವೆಯಲ್ಲಿ ಮುಹೂರ್ತವಿಡದೆ, ವಾಲಗ ಕೇಳದೆ, ಕೊನೆಯ ಬೆಂಚಿನಲ್ಲಿ ನೆಂಟರಂತೆ ಕೂತು ಅಕ್ಷತೆ ಹಾಕಿ ಬಂದರು. ಮಾಡಿದ್ದುಣ್ಣೋ ಮಹರಾಯ.

ಎರಡು ವರ್ಷದ ಮೇಲೆ ಹಿರೀಸಾವೆಯ ಹೋಟೆಲಿಗೆ ಹೊಸ ಕಂಪ್ಯೂಟರ್ ಬಂದಾಗ, ಮೇಷ್ಟ್ರು ತಾವೇ ಹೋಗಿ ಹಳೆಯದನ್ನು ಕೇಳಿ ತಂದರು. ಸಾಂಬಾರಿನ ವಾಸನೆ ಹೊಡೆಯುತ್ತಿದ್ದ ತೊಂಬತ್ತೆಂಟು ಮತ್ತೆ ನಡುಮನೆಯ ಮೂಲೆ ಸೇರಿತು. ಬಂದವರೆಲ್ಲ ಕೇಳುತ್ತಾರೆ, ಇನ್ನೂ ಯಾಕೆ ಈ ಡಬ್ಬ ಇಟ್ಟುಕೊಂಡಿದ್ದೀರಿ ಎಂದು. ಪುಟ್ಟಸ್ವಾಮಿಯಂತೂ ಬಂದಾಗಲೆಲ್ಲ ಗೋಗರೆಯುತ್ತಾನೆ.

"ಯಾಕ್ ಸಾ ಈ ಅಟ? ಇದುಕ್ಕೆ ವೈರಸ್ಸೂ ಬರಾಕಿಲ್ಲ, ಅಷ್ಟು ಅಳೇದಾಗೋಯ್ತು!"

"ಅದಕ್ಕೇ ಇಟ್ಕೊಂಡಿದ್ದೀನಿ ಕಣಯ್ಯ," ಎನ್ನುತ್ತಾರೆ ಮೇಷ್ಟ್ರು. ಒಬ್ಬೊಬ್ಬರಿಗೆ ಒಂದೊಂದು ನೆಪ: ಪ್ರಶ್ನೆಪತ್ರಿಕೆಗೆ ಇದೇ ಅನುಕೂಲ, ಕರೆಂಟು ಕಮ್ಮಿ ತಗೊಳ್ಳುತ್ತೆ, ಕೈ ಒಗ್ಗಿದೆ. ನಿಜವಾದ ಕಾರಣ ಹೇಳುವುದಿಲ್ಲ. ತಮ್ಮ ಮಗಳಿಗೆ ಒಂದು ಸಲ, ಕೇಳಿದ ತಕ್ಷಣ, ತಕರಾರಿಲ್ಲದೆ ಹೂಂ ಎಂದಿದ್ದು ಆ ಯಂತ್ರ. ಅದನ್ನು ಮನೆಯಿಂದ ಕಳಿಸಿದವರು ತಾವು.

ಎರಡು ಸಾವಿರದ ಎಂಟರಲ್ಲಿ ಇಂಚರಳಿಗೆ ಹಾಸನದ ನರ್ಸಿಂಗ್ ಹೋಮಿನಲ್ಲಿ ಹೆರಿಗೆಯಾಯಿತು. ಹೊರಗಿನ ಬೆಂಚಿನ ಮೇಲೆ ಬೀಗರಿಬ್ಬರೂ ಅಕ್ಕಪಕ್ಕ ಕೂತಿದ್ದರು. ಗಂಗಾಂಬಿಕೆಯವರು ಕಲ್ಲುಗುಂಡಿನ ಹಾಗಿದ್ದರು. ಸೊಸೆ ಬಂದ ಮೇಲೆ ಅವರು ಒಂದು ಸಲವೂ ಕೆಮ್ಮಿರಲಿಲ್ಲ. ಒಳಗಿನಿಂದ ಮಗು ಅಳುವ ಸದ್ದು ಕೇಳಿಸಿದ್ದೇ ತಡ, ಅವರು ಥಟ್ಟನೆ ತಿರುಗಿ ಕೇಳಿದರು.

"ಬೀಗರೇ, ಹೊತ್ತೆಷ್ಟು? ಹೊತ್ತು ನೋಡಿ!"

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಮೇಷ್ಟ್ರ ಕೈ ತಾನಾಗಿಯೇ ಮೇಲೆದ್ದಿತು. ಅದೇ ವಾಚು, ಅದೇ ಹತ್ತು ನಿಮಿಷ ಮುಂದೆ. ಅವರು ಬಾಯಿ ತೆರೆಯುವಷ್ಟರಲ್ಲಿ, ಅರೆತೆರೆದ ಬಾಗಿಲ ಒಳಗಿನಿಂದ ಬಾಣಂತಿಯ ಬಳಲಿದ ದನಿ ಕೇಳಿಸಿತು.

"ಅಮ್ಮಾ, ಮೊದಲು ಅಪ್ಪನ ಕೈಯಿಂದ ಆ ವಾಚ್ ಬಿಚ್ಚಿಸಿಕೋ. ಆಮೇಲೆ ಮಗು ಕೊಡು."

ಶ್ರೀಗೌರಿ ಬಾಗಿಲಿಗೆ ಬಂದು ಕೈ ಚಾಚಿ ನಿಂತರು. ಮುರಳೀಕೃಷ್ಣ ಮೇಷ್ಟ್ರು ವಾಚು ಬಿಚ್ಚಿ ಕೊಟ್ಟರು.